ರಿಸೆಪ್ಷನ್ ಡೆಸ್ಕಿನ ಇಂಗ್ಲಿಷ್: 'ಸಪೋಸ್ಡ್ ಟು' ಎಲ್ಲಿ ಹೇಳಬೇಕು, ಎಲ್ಲಿ ಹೇಳಬಾರದು

ಮೈಸೂರಿನ ಹೋಟೆಲುಗಳಲ್ಲಿ ಫ್ರಂಟ್ ಆಫೀಸಿಗೆ ಹೊಸದಾಗಿ ಸೇರಿದವರ ಇಂಗ್ಲಿಷ್ ಕೇಳುತ್ತಿದ್ದರೆ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: 'ಸಪೋಸ್ಡ್ ಟು'. ರೂಮ್ ಇನ್ನೂ ರೆಡಿ ಇಲ್ಲ, ಪಿಕಪ್‌ಗೆ ಡ್ರೈವರ್ ಬಂದಿಲ್ಲ, ಅಡ್ವಾನ್ಸ್ ಬರಬೇಕಿತ್ತು, ಇಲ್ಲಿ ಸಿಗರೇಟ್ ಸೇದುವ ಹಾಗಿಲ್ಲ, ಎಲ್ಲಕ್ಕೂ ಅದೇ. ಸರಿಯಾದ ಕಡೆ ಬಿದ್ದರೆ ಬಹಳ ಉಪಯೋಗದ ಮಾತು. ತಪ್ಪಾದ ಕಡೆ ಬಿದ್ದರೆ ಗೆಸ್ಟ್‌ನ ಮುಖ ಸಿಂಡರಿಸುತ್ತದೆ, ಹೇಳಿದವರಿಗೆ ಏನಾಯಿತೆಂದೇ ತಿಳಿಯುವುದಿಲ್ಲ.

ಈ ಮಾತಿನಲ್ಲಿ ಎರಡು ಸಂಗತಿ ಒಟ್ಟಿಗೆ ಇರುತ್ತವೆ. ಯಾರೋ ಮೊದಲೇ ಗೊತ್ತು ಮಾಡಿದ ಒಂದು ಏರ್ಪಾಟು ಅಥವಾ ನಿಯಮ ಇದೆ ಅನ್ನುವುದು ಒಂದು. ಅದು ಹಾಗೇ ನಡೆಯುತ್ತದೋ ಇಲ್ಲವೋ ಎಂಬ ಸಣ್ಣ ಅನುಮಾನ ಇನ್ನೊಂದು. ಭಾನುವಾರ ಸಂಜೆ 7ರ ಸುಮಾರಿಗೆ ಅರಮನೆಯ ದೀಪ ಹತ್ತುತ್ತದೆ. ಗೆಸ್ಟ್ ಕೇಳಿದಾಗ 'ದ ಲೈಟ್ಸ್ ಕಮ್ ಆನ್ ಅಟ್ ಸೆವೆನ್' ಅಂದರೆ ನೀವು ಜವಾಬ್ದಾರಿ ಹೊತ್ತ ಹಾಗೆ. 'ದ ಲೈಟ್ಸ್ ಆರ್ ಸಪೋಸ್ಡ್ ಟು ಕಮ್ ಆನ್ ಅಟ್ ಸೆವೆನ್' ಅಂದರೆ ವೇಳಾಪಟ್ಟಿ ಹಾಗಿದೆ, ಹತ್ತಿಸುವುದು ನಮ್ಮ ಕೈಲಿಲ್ಲ ಅಂತ. ಇಲ್ಲಿ ಎರಡನೆಯದು ಪ್ರಾಮಾಣಿಕವಾದ ಉತ್ತರ. ಈ ಅನುಮಾನದ ಎಳೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ವಾಕ್ಯ ಕಟ್ಟುವುದು ಕನ್ನಡದವರಿಗೆ ಕಷ್ಟವಾಗಬಾರದು, ಏಕೆಂದರೆ ನಮ್ಮ 'ಬರಬೇಕಿತ್ತು'ವಿನ ಒಳಗೆ ಇದೇ ಕಟ್ಟು ಇದೆ. 'ಬರಬೇಕಿತ್ತು' ಬಿಡಿಸಿ ನೋಡಿ: ಬರ, ಬೇಕು, ಇತ್ತು. 'ಬರ'ದಲ್ಲಿ ಕಾಲ ಇಲ್ಲ, 'ಬೇಕು' ಬದಲಾಗುವುದಿಲ್ಲ, ಕಾಲ ತೋರಿಸುವುದು 'ಇತ್ತು' ಒಂದೇ. ಇಂಗ್ಲಿಷಿನಲ್ಲೂ ಹಾಗೆಯೇ. 'ವಾಸ್ ಸಪೋಸ್ಡ್ ಟು ಕಮ್' ಅನ್ನುವಾಗ ಕಾಲದ ಭಾರ 'ವಾಸ್' ಮೇಲೆ ಮಾತ್ರ. ಆದ್ದರಿಂದ 'ವಾಸ್ ಸಪೋಸ್ಡ್ ಟು ಕೇಮ್' ತಪ್ಪು, 'ಸಪೋಸ್ಡ್ ಟು ಕಮಿಂಗ್' ತಪ್ಪು. 'ಡಿಡ್ ನಾಟ್ ಸಪೋಸ್ಡ್ ಟು' ಇನ್ನೂ ದೊಡ್ಡ ತಪ್ಪು. 'ನಾಟ್' ಬರಬೇಕಾದ್ದು 'ವಾಸ್' ಮತ್ತು 'ಸಪೋಸ್ಡ್' ನಡುವೆ. ಕೆಲಸ ಮಾಡುವವರ ಬದಲು ಕೆಲಸಕ್ಕೆ ಒಳಗಾಗುವ ವಸ್ತುವಿನಿಂದ ವಾಕ್ಯ ಶುರುವಾದರೆ ನಡುವೆ 'ಬಿ' ಬೇಕೇ ಬೇಕು: 'ದ ರೂಮ್ ವಾಸ್ ಸಪೋಸ್ಡ್ ಟು ಬಿ ಕ್ಲೀನ್ಡ್ ಬೈ ಟೂ'. 'ಬಿ' ಬಿಟ್ಟರೆ ರೂಮೇ ಎದ್ದು ಗುಡಿಸಬೇಕಾಗುತ್ತದೆ.

ಆದರೆ ಕನ್ನಡದ ಎಲ್ಲ 'ಬೇಕಿತ್ತು'ವೂ ಇದಲ್ಲ. 'ಒಂದು ಡಬಲ್ ರೂಮ್ ಬೇಕಿತ್ತು' ಅನ್ನುವುದು ಮರ್ಯಾದೆಯಿಂದ ಕೇಳುವ ರೀತಿ. ಅದಕ್ಕೆ 'ಐ ವುಡ್ ಲೈಕ್'. 'ನೀವು ಮೊದಲೇ ಹೇಳಬೇಕಿತ್ತು' ಅನ್ನುವುದು ಆಕ್ಷೇಪಣೆ. ಅದಕ್ಕೆ 'ಯು ಶುಡ್ ಹ್ಯಾವ್ ಟೋಲ್ಡ್ ಅಸ್'. ಮೊದಲೇ ಮಾತಾಗಿತ್ತು, ಗೊತ್ತಾಗಿತ್ತು ಅನ್ನುವ ಕಡೆ ಮಾತ್ರ 'ವಾಸ್ ಸಪೋಸ್ಡ್ ಟು'.

ಉಚ್ಚಾರಣೆ ಬಗ್ಗೆ ಎರಡು ಮಾತು. ವೇಗವಾಗಿ ಆಡುವಾಗ ಇಂಗ್ಲಿಷಿನವರು 'ಡ್' ಮತ್ತು 'ಟ'ವನ್ನು ಬೆಸೆದು 'ಸಪೋಸ್ಟ' ಅನ್ನುತ್ತಾರೆ, ಒತ್ತು 'ಪೋ' ಮೇಲೆ. ಕಿವಿಗೆ ಬೀಳದ ಆ 'ಡ್' ಬರವಣಿಗೆಯಲ್ಲೂ ಬಿಟ್ಟುಹೋಗುತ್ತದೆ. ಇನ್ನೊಂದು ಕಾರಣವೂ ಇದೆ. ನಾವು ದಿನವಿಡೀ ಕನ್ನಡದಲ್ಲೇ 'ಸಪೋಸ್ ಮಳೆ ಬಂದ್ರೆ', 'ಸಪೋಸ್ ಬಸ್ ಸಿಗದೆ ಹೋದ್ರೆ' ಅನ್ನುತ್ತೇವೆ. ಆ 'ಸಪೋಸ್' ಒಂದು ವೇಳೆ ಅನ್ನುವ ಅರ್ಥದ್ದು. ಬಾಯಿಗೆ ಅದೇ ರೂಢಿಯಾಗಿ ಮೇಲ್‌ನಲ್ಲೂ 'ಡಿ' ಇಲ್ಲದೆ ಟೈಪ್ ಆಗುತ್ತದೆ. ಕಳಿಸುವ ಮುಂಚೆ ಆ ಒಂದು ಅಕ್ಷರ ನೋಡಿಕೊಳ್ಳಿ. ಸ್ಪೆಲ್ಲಿಂಗ್ ಚೆಕ್ ಎಷ್ಟೋ ಸಲ ಇದನ್ನು ಹಿಡಿಯುವುದಿಲ್ಲ, ಏಕೆಂದರೆ 'ಸಪೋಸ್' ಕೂಡ ಸರಿಯಾದ ಪದವೇ.

ದುಡ್ಡಿಗೆ ಸಂಬಂಧಪಟ್ಟು ಗೊಂದಲ ಮಾಡುವುದು ನಿಷೇಧ ರೂಪ. ಕನ್ನಡದಲ್ಲಿ 'ಕೊಡಬೇಕಾಗಿಲ್ಲ' ಬೇರೆ, 'ಕೊಡಕೂಡದು' ಬೇರೆ. ಇಂಗ್ಲಿಷಿನಲ್ಲಿ 'ನಾಟ್ ಸಪೋಸ್ಡ್ ಟು' ಅಂದರೆ 'ಕೂಡದು' ಎಂದೇ. ಗೆಸ್ಟ್ ಚೆಕ್‌ಇನ್ ಹೊತ್ತಿಗೆ ಕಾರ್ಡ್ ತೆಗೆದರು ಅನ್ನಿ. ಈಗಲೇ ಬೇಡ, ಹೋಗುವಾಗ ಕೊಟ್ಟರೆ ಸಾಕು ಅನ್ನುವ ಸದುದ್ದೇಶದಿಂದ 'ಯು ಆರ್ ನಾಟ್ ಸಪೋಸ್ಡ್ ಟು ಪೇ ನೌ' ಅಂದುಬಿಟ್ಟರೆ, ಈಗ ದುಡ್ಡು ಕೊಡುವುದೇ ತಪ್ಪು ಅಂತ ಅವರಿಗೆ ಕೇಳಿಸುತ್ತದೆ. ಹೇಳಬೇಕಾದ್ದು 'ಯು ಡೋಂಟ್ ಹ್ಯಾವ್ ಟು ಪೇ ನೌ'. ಅದೇ ಅರಮನೆಯೊಳಗೆ ಚಪ್ಪಲಿ ಹಾಕಿಕೊಂಡು ಹೋಗಬಹುದಾ ಅಂತ ಕೇಳಿದರೆ 'ಯು ಆರ್ ನಾಟ್ ಸಪೋಸ್ಡ್ ಟು ವೇರ್ ಶೂಸ್ ಇನ್‌ಸೈಡ್' ಸರಿಯಾಗಿ ಕೂರುತ್ತದೆ. ನಿಯಮ ಅರಮನೆಯದು, ನಾವು ತಿಳಿಸುವವರು ಅಷ್ಟೇ. ಪರೀಕ್ಷೆ ಸುಲಭ: ಕನ್ನಡದಲ್ಲಿ ಯೋಚಿಸಿದಾಗ 'ಬೇಕಾಗಿಲ್ಲ' ಬಂದರೆ 'ಡೋಂಟ್ ಹ್ಯಾವ್ ಟು', 'ಕೂಡದು' ಅಥವಾ 'ಹಾಗಿಲ್ಲ' ಬಂದರೆ 'ನಾಟ್ ಸಪೋಸ್ಡ್ ಟು'.

'ವಾಸ್ ಸಪೋಸ್ಡ್ ಟು' ಅಂದ ಕೂಡಲೇ ಕೇಳುವವರು ಒಂದು 'ಬಟ್' ಕಾಯುತ್ತಾರೆ. ಆಗಬೇಕಿತ್ತು ಅಂದರೆ ಆಗಲಿಲ್ಲ ಅಂತಲೇ ಅರ್ಥ ತೆಗೆದುಕೊಳ್ಳುತ್ತಾರೆ. ಅಲ್ಲಿಗೇ ಮಾತು ನಿಲ್ಲಿಸಿದರೆ ನೆಪ ಹೇಳಿದಂತಾಗುತ್ತದೆ. ಆದ್ದರಿಂದ ಮೂರು ತುಂಡು ಒಟ್ಟಿಗೆ ಬರಲಿ: ಏನು ಗೊತ್ತಾಗಿತ್ತು, ಏನಾಯಿತು, ಈಗ ಏನು ಮಾಡುತ್ತಿದ್ದೇವೆ. 'ಯುವರ್ ರೂಮ್ ವಾಸ್ ಸಪೋಸ್ಡ್ ಟು ಬಿ ರೆಡಿ ಬೈ ಟೂ, ಬಟ್ ದ ಲಾಸ್ಟ್ ಗೆಸ್ಟ್ ಲೆಫ್ಟ್ ಲೇಟ್. ಹೌಸ್‌ಕೀಪಿಂಗ್ ಈಸ್ ಇನ್‌ಸೈಡ್ ನೌ, ಪ್ಲೀಸ್ ಗಿವ್ ಅಸ್ ಟ್ವೆಂಟಿ ಮಿನಿಟ್ಸ್.' ಮೂರನೆಯ ತುಂಡಿನಲ್ಲಿ ನಿಮಿಷ ಹೇಳಿ, 'ಸೂನ್' ಬೇಡ. ಹೌಸ್‌ಕೀಪಿಂಗ್‌ಗೆ ಫೋನ್ ಮಾಡಿ ಕೇಳಿಕೊಂಡೇ ಆ ನಿಮಿಷ ಹೇಳಬೇಕು ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

ಇದೇ ಕಾರಣಕ್ಕೆ ಶಿಫ್ಟ್ ಬದಲಾಗುವಾಗ ಬರೆಯುವ ಲಾಗ್‌ಬುಕ್ಕಿನಲ್ಲಿ ಈ ಮಾತು ಅಪಾಯ. ರಾತ್ರಿ ಶಿಫ್ಟಿನವರು '304 ಏರ್‌ಪೋರ್ಟ್ ಪಿಕಪ್ ವಾಸ್ ಸಪೋಸ್ಡ್ ಟು ಬಿ ಅಟ್ ಫೈವ್' ಅಂತ ಬರೆದಿಟ್ಟು ಹೋದರು. ಬೆಳಗಿನವರು ಓದಿ ಏನು ತಿಳಿಯಬೇಕು? ಹೋಯಿತಾ, ಕ್ಯಾನ್ಸಲ್ ಆಯಿತಾ, ಟೈಮ್ ಬದಲಾಯಿತಾ? ಗೆಸ್ಟ್‌ಗೆ ಫೋನ್ ಮಾಡಿ ಕೇಳುವುದು ನಾಚಿಕೆಗೇಡು, ಕೇಳದೆ ಇರುವುದು ಇನ್ನೂ ಕೆಟ್ಟದ್ದು. ಲಾಗ್‌ಬುಕ್ಕಿಗೆ ಬೇಕಾದ್ದು ಅನುಮಾನವಿಲ್ಲದ ಸಾಲು. ಆಗಬೇಕಾದ್ದಕ್ಕೆ 'ಡ್ಯೂ ಅಟ್ ಫೈವ್', ಆಗಿದ್ದಕ್ಕೆ 'ಲೆಫ್ಟ್ ಅಟ್ ಫೈವ್ ಟೆನ್', ತಪ್ಪಿದ್ದಕ್ಕೆ 'ಕ್ಯಾನ್ಸಲ್ಡ್ ಬೈ ಗೆಸ್ಟ್', ಜೊತೆಗೆ ಬರೆದವರ ಇನಿಷಿಯಲ್.

ಗೆಸ್ಟ್‌ಗೆ ನೇರವಾಗಿ 'ಯು ವರ್ ಸಪೋಸ್ಡ್ ಟು' ಹೇಳಲೇಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ವ್ಯಾಕರಣದಲ್ಲಿ ಏನೂ ತಪ್ಪಿಲ್ಲ, ಆದರೆ 'ಮಾಡಬೇಕಿತ್ತಲ್ಲ, ಯಾಕೆ ಮಾಡಲಿಲ್ಲ' ಅಂತ ಮೇಷ್ಟ್ರು ಕೇಳಿದ ಹಾಗೆ ಕೇಳುತ್ತದೆ. 'ಯು ವರ್ ಸಪೋಸ್ಡ್ ಟು ಸೆಂಡ್ ದ ಅಡ್ವಾನ್ಸ್ ಬೈ ಮಂಡೇ' ಬದಲು 'ವಿ ವರ್ ಎಕ್ಸ್‌ಪೆಕ್ಟಿಂಗ್ ದ ಅಡ್ವಾನ್ಸ್ ಬೈ ಮಂಡೇ. ಕುಡ್ ಯು ಪ್ಲೀಸ್ ಚೆಕ್?' ಎಂದು ಬರೆಯಿರಿ. ಕೇಳುವುದು ಅದನ್ನೇ, ಬೆರಳು ಮಾತ್ರ ಅವರ ಕಡೆ ತೋರಿಸುವುದಿಲ್ಲ. ಮೇಲಧಿಕಾರಿಗಳಿಗೂ ಇದೇ. ಆದರೆ ನಮ್ಮ ಮೇಲೇ ತಿರುಗಿಸಿಕೊಂಡು ಪ್ರಶ್ನೆಯಾಗಿ ಕೇಳಿದರೆ ಇದು ಹೊಸಬರಿಗೆ ಬಹಳ ಒಳ್ಳೆಯ ಮಾತು: 'ಆಮ್ ಐ ಸಪೋಸ್ಡ್ ಟು ಕಲೆಕ್ಟ್ ದ ಬ್ಯಾಲೆನ್ಸ್ ಟುಡೇ, ಸರ್?' ಗೊತ್ತಿಲ್ಲದ್ದನ್ನು ಊಹಿಸಿ ಮಾಡುವ ಬದಲು ನಿಯಮ ಏನೆಂದು ಕೇಳಿದ ಹಾಗಾಯಿತು.

ಕಾನೂನಿನ ವಿಷಯಕ್ಕೆ ಈ ಮಾತು ತೀರಾ ಬಡಕಲು. ವಿದೇಶಿ ಗೆಸ್ಟ್ ಬಂದ 24 ಗಂಟೆಯೊಳಗೆ ಅವರ ಪಾಸ್‌ಪೋರ್ಟ್, ವೀಸಾ ವಿವರವನ್ನು ಆನ್‌ಲೈನಲ್ಲಿ ಸರ್ಕಾರಕ್ಕೆ ಸಲ್ಲಿಸಬೇಕು. ಗೋಕುಲಂಗೆ ಯೋಗ ಕಲಿಯಲು ಬರುವವರಿಂದಾಗಿ ಮೈಸೂರಿನಲ್ಲಿ ಸಣ್ಣ ಹೋಂಸ್ಟೇಗೂ ಈ ಕೆಲಸ ತಪ್ಪಿದ್ದಲ್ಲ. 'ಐ ಆಮ್ ಸಪೋಸ್ಡ್ ಟು ಟೇಕ್ ಎ ಕಾಪಿ ಆಫ್ ಯುವರ್ ಪಾಸ್‌ಪೋರ್ಟ್' ಅಂದರೆ, ತಗೋಬೇಕಂತೆ, ಬೇಡದಿದ್ದರೆ ಬಿಡಬಹುದು ಅನ್ನುವ ಧ್ವನಿ ಬರುತ್ತದೆ; 'ನಾಳೆ ಕೊಡ್ತೀನಿ' ಅಂತ ರೂಮಿಗೆ ಹೋಗಿಬಿಡುತ್ತಾರೆ. 'ವಿ ಆರ್ ರಿಕ್ವೈರ್ಡ್ ಬೈ ಲಾ' ಅನ್ನಿ, ಚರ್ಚೆಯೇ ಏಳುವುದಿಲ್ಲ.

ನಮಗೆ ಖಚಿತವಾಗಿ ಗೊತ್ತಿರುವುದಕ್ಕೂ ಇದು ಬೇಡ. 'ದ ವೈಫೈ ಈಸ್ ಸಪೋಸ್ಡ್ ಟು ವರ್ಕ್ ಇನ್ ಆಲ್ ರೂಮ್ಸ್' ಅಂದರೆ ಕೆಲಸ ಮಾಡುವುದಿಲ್ಲ ಅಂತ ನಾವೇ ಹೇಳಿಕೊಟ್ಟ ಹಾಗೆ. ಕುಡಿಯುವ ನೀರಿನ ಬಗ್ಗೆ ಹೀಗೆ ಹೇಳಿದರಂತೂ ಯಾರೂ ಲೋಟ ಮುಟ್ಟುವುದಿಲ್ಲ. ಮೃಗಾಲಯಕ್ಕೆ ಮಂಗಳವಾರ ರಜೆ. 'ಈಸ್ ಕ್ಲೋಸ್ಡ್ ಆನ್ ಟ್ಯೂಸ್‌ಡೇಸ್' ಅಂತ ನೇರವಾಗಿ ಹೇಳಿ, ಇಲ್ಲದಿದ್ದರೆ ನೋಡಿಯೇ ಬರೋಣ ಅಂತ ಆಟೋ ಹತ್ತುತ್ತಾರೆ. ದಸರಾ ಸಮಯದಲ್ಲಿ ಮಂಗಳವಾರವೂ ತೆರೆದಿರುವುದುಂಟು, ಆಗ ಫೋನ್ ಮಾಡಿ ಕೇಳಿ ಹೇಳುವುದು ಒಳ್ಳೆಯದು.

ಕೊನೆಯ ಬಳಕೆ ನಮ್ಮ 'ಅಂತೆ'. ಊರಿನ ಬಗ್ಗೆ ಗೆಸ್ಟ್ ಜೊತೆ ಮಾತಾಡುವಾಗ ಇದು ಬಾಯಿ ತುಂಬ ಬರುತ್ತದೆ. 'ದೇರ್ ಆರ್ ಸಪೋಸ್ಡ್ ಟು ಬಿ ಎ ಥೌಸಂಡ್ ಸ್ಟೆಪ್ಸ್', ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲಂತೆ. ಹಿಂದೆ ನಡೆದದ್ದಾದರೆ 'ಹ್ಯಾವ್' ಸೇರಿಸಿ: 'ಮೈಸೂರ್ ಪಾಕ್ ಈಸ್ ಸಪೋಸ್ಡ್ ಟು ಹ್ಯಾವ್ ಬೀನ್ ಫಸ್ಟ್ ಮೇಡ್ ಇನ್ ದ ಪ್ಯಾಲೆಸ್ ಕಿಚನ್', ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಾಕಾಸುರ ಮಾದಪ್ಪ ಮಾಡಿದ್ದಂತೆ. ಇಲ್ಲಿ 'ಈಸ್' ಈಗ ಜನ ಹೇಳುವುದಕ್ಕೆ, 'ಹ್ಯಾವ್ ಬೀನ್ ಮೇಡ್' ಆಗ ನಡೆದದ್ದಕ್ಕೆ. ದೇವಸ್ಥಾನದ ಕಥೆಗೆ ಮಾತ್ರ ಇದನ್ನು ತರಬೇಡಿ. ಬೆಟ್ಟದ ತಾಯಿ ಮಹಿಷಾಸುರನನ್ನು ಕೊಂದಳು ಅನ್ನುವಾಗ 'ಸಪೋಸ್ಡ್ ಟು' ಹಾಕಿದರೆ ಹೇಳುವವರಿಗೇ ನಂಬಿಕೆ ಇಲ್ಲ ಅನ್ನಿಸುತ್ತದೆ. ಅಲ್ಲಿ 'ಈಸ್ ಬಿಲೀವ್ಡ್ ಟು ಹ್ಯಾವ್ ಕಿಲ್ಡ್' ಅನ್ನಿ. ಕಟ್ಟು ಅದೇ, ಒಂದು ಪದ ಮಾತ್ರ ಬೇರೆ.