ಗೋಡೆ ಮೇಲಿನ ಸರ್ಟಿಫಿಕೇಟ್

14 ಜುಲೈ 2025, ಸೋಮವಾರ

ಮಧ್ಯಾಹ್ನ ನಮ್ಮ ಔಷಧಿ ಅಂಗಡಿಯಲ್ಲಿ ಜನ ಕಡಿಮೆಯಾದ ಹೊತ್ತಿಗೆ ನಮ್ಮ ಬೀದಿಯ ಟೀಚರಮ್ಮ ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ಡಿ.ಫಾರ್ಮ (ಫಾರ್ಮಸಿ ಡಿಪ್ಲೊಮಾ) ಮುಗಿಸಿ, ಫಾರ್ಮಸಿಸ್ಟರ ಪಟ್ಟಿ ಇಡುವ ಫಾರ್ಮಸಿ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿಕೊಂಡಿದ್ದಾಳೆ. ಕೆಲಸ ಸಿಕ್ಕಿರುವುದು ಮಾತ್ರ ಬೆಂಗಳೂರಿನ ಕಾಲ್ ಸೆಂಟರ್ ಒಂದರಲ್ಲಿ. ಇಲ್ಲಿ ಹೊಸದಾಗಿ ಮೆಡಿಕಲ್ ಶಾಪ್ ಹಾಕುವವರೊಬ್ಬರು, ಲೈಸೆನ್ಸಿಗೆ ತೋರಿಸಲು ಫಾರ್ಮಸಿಸ್ಟ್ ಸರ್ಟಿಫಿಕೇಟ್ ಕೊಟ್ಟರೆ ತಿಂಗಳಿಗೆ ಇಷ್ಟು ಕೊಡ್ತೀವಿ ಅಂದಿದ್ದಾರಂತೆ.

"ನಮ್ಮ ಬೀರುವಿನಲ್ಲಿ ಸುಮ್ನೆ ಇರೋ ಬದಲು ಅವರ ಗೋಡೆ ಮೇಲೆ ಇರುತ್ತೆ. ಅಷ್ಟೇ ಅಲ್ವಾ ಸರ್?" ಅಂದರು ಟೀಚರಮ್ಮ.

ನಮ್ಮ ಲೈನಿನಲ್ಲಿ ಇದು ಎಷ್ಟು ಮಾಮೂಲು ಅಂದರೆ, ಯಾರೂ ದನಿ ತಗ್ಗಿಸಿ ಕೇಳುವುದೂ ಇಲ್ಲ. ಗಲ್ಲಾಪೆಟ್ಟಿಗೆಯಿಂದ ಐನೂರು ಎಗರಿಸಿದ ಹುಡುಗನನ್ನು ಅದೇ ದಿನ ಓಡಿಸುತ್ತೇವೆ. ಸರ್ಟಿಫಿಕೇಟ್ ಬಾಡಿಗೆಗೆ ಬಿಟ್ಟವನಿಗೆ ಮದುವೆ ಮನೆಯಲ್ಲಿ ಕೈಕುಲುಕುತ್ತೇವೆ.

ಹುಡುಗಿಗೆ ಷೆಡ್ಯೂಲ್ ಎಚ್1 ರಿಜಿಸ್ಟರ್, ಅಂದರೆ ಕಟ್ಟುನಿಟ್ಟಾಗಿ ಲೆಕ್ಕ ಇಡಬೇಕಾದ ಔಷಧಿಗಳ ಪುಸ್ತಕ ತೋರಿಸಿದೆ. (ಹೊಸ ಪುಸ್ತಕದ ಖಾಲಿ ಹಾಳೆ. ರೋಗಿಗಳ ಹೆಸರು ಕಂಡವರಿಗೆಲ್ಲ ತೋರಿಸುವಂಥದ್ದಲ್ಲ.) 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ನಿಯಮ ಇದು. ಆಲ್ಪ್ರಜೋಲಮ್‌ನಂಥ ನಿದ್ದೆ ಮಾತ್ರೆ, ಟ್ರಮಡಾಲ್ ಎಂಬ ನೋವಿನ ಮಾತ್ರೆ, ಟಿಬಿ ಔಷಧಿ, ಕೆಲವು ಜೋರಾದ ಆಂಟಿಬಯೋಟಿಕ್ ಕೊಟ್ಟಾಗ ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟೆವು, ಎಲ್ಲ ಬರೆಯಬೇಕು. 3 ವರ್ಷ ಇಟ್ಟುಕೊಳ್ಳಬೇಕು. ಡಾಕ್ಟರ ಚೀಟಿಯ ಔಷಧಿ ಕೊಟ್ಟ ಲೆಕ್ಕದಲ್ಲಿ ಫಾರ್ಮಸಿಸ್ಟ್ ಸಹಿಯೂ ಇರಬೇಕು.

"ನೀನು ಬೆಂಗಳೂರಲ್ಲಿ ಹೆಡ್‌ಫೋನ್ ಹಾಕ್ಕೊಂಡು ಕೂತಿರುವಾಗ ಇಲ್ಲಿ ಸಹಿ ಹಾಕೋದು ಯಾರಮ್ಮ?" ಎಂದು ಕೇಳಿದೆ. ಅವಳು ಸುಮ್ಮನಿದ್ದಳು. ಇರುವುದು ಎರಡೇ ದಾರಿ, ಅಂದೆ. ಓನರ್ ಭಾಮೈದ ನಿನ್ನ ಸಹಿ ಕಲಿಯುತ್ತಾನೆ. ಇಲ್ಲವೇ ಹಬ್ಬಕ್ಕೆ ಊರಿಗೆ ಬಂದಾಗ ನೀನೇ ಖಾಲಿ ಬಿಲ್ ಬುಕ್ಕಿಗೆಲ್ಲ ಸಹಿ ಹಾಕಿ ಹೋಗುತ್ತೀಯ. ಯಾರಿಗೋ ನಿದ್ದೆ ಮಾತ್ರೆ ಚೀಟಿಯಿಲ್ಲದೆ ಹೋದರೆ, ಕಾಗದದ ಪ್ರಕಾರ ಕೊಟ್ಟವಳು ನೀನು.

"ಸಿಕ್ಕಿಬಿದ್ರೆ ಅಂಗಡಿಯವರಿಗೆ ತಾನೇ ತೊಂದರೆ?" ಎಂದಳು. ಎಲ್ಲರೂ ಹೀಗೇ ತಿಳಿದುಕೊಂಡಿರುತ್ತಾರೆ. ಅಂಗಡಿಯ ಲೈಸೆನ್ಸ್ ಬೇರೆ, ಕೌನ್ಸಿಲ್ ರಿಜಿಸ್ಟರಿನಲ್ಲಿರುವ ನಮ್ಮ ಹೆಸರು ಬೇರೆ. ಲೈಸೆನ್ಸ್ ಅಮಾನತಾದರೆ ಓನರ್ ಬೇರೊಂದು ವ್ಯಾಪಾರ ನೋಡಿಕೊಳ್ಳಬಹುದು. ಹೆಸರು ಹೋದರೆ ಓದಿದ್ದೇ ದಂಡ.

1948ರ ಫಾರ್ಮಸಿ ಕಾಯ್ದೆಯ 36ನೇ ಸೆಕ್ಷನ್ ಓದಿ ಹೇಳಿದೆ. ಸುಳ್ಳು ಹೇಳಿ ಹೆಸರು ಸೇರಿಸಿದ್ದರೆ ತೆಗೆಯಬಹುದು. ವೃತ್ತಿಗೆ ಕಳಂಕ ತರುವ ನಡತೆಗೆ ತೆಗೆಯಬಹುದು. ನಮ್ಮ ಕೈಕೆಳಗಿನವನಿಗೆ ಅಂಥ ತಪ್ಪಿಗೆ ಶಿಕ್ಷೆಯಾದರೂ ನಮ್ಮ ಹೆಸರಿಗೆ ಕುತ್ತು ಬರಬಹುದು. ಕೆಲವು ವರ್ಷಗಳ ಮಟ್ಟಿಗೆ, ಅಥವಾ ಕಾಯಂ ಆಗಿ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳಂತೂ ಅಂಗಡಿಗೆ ಹೋಗದೆ ಸರ್ಟಿಫಿಕೇಟ್ ಮಾತ್ರ ಕೊಡುವುದನ್ನು ದುರ್ನಡತೆ ಎಂದೇ ಹೇಳುತ್ತವೆ.

ಹಾಗಾದರೆ ಇದು ನಿಂತಿಲ್ಲ ಏಕೆ? ನನಗೆ ಅನ್ನಿಸುವುದು ಇಷ್ಟು. ಅಂಗಡಿಗೆ ಬರುವುದು ಔಷಧ ನಿಯಂತ್ರಣ ಇಲಾಖೆಯ ಡ್ರಗ್ ಇನ್‌ಸ್ಪೆಕ್ಟರ್. ಹೆಸರು ತೆಗೆಯುವುದು ಕೌನ್ಸಿಲ್. ಒಂದು ಕಡೆಯ ಕಾಗದ ಇನ್ನೊಂದು ಕಡೆ ತಲುಪಬೇಕು, ಆಮೇಲೆ ವಿಚಾರಣೆ. ಆದೇಶವನ್ನು ಪೂರ್ತಿ ಕೌನ್ಸಿಲ್ ಒಪ್ಪಿದ ಮೇಲೂ ಅದು ಜಾರಿಗೆ ಬರಲು 3 ತಿಂಗಳು. ಸರ್ಕಾರಕ್ಕೆ ಅಪೀಲು ಬೇರೆ. ವಿಚಾರಣೆ ಬೇಡ ಅನ್ನುತ್ತಿಲ್ಲ, ಯಾರದೋ ಅನ್ನ ಕಿತ್ತುಕೊಳ್ಳುವಾಗ ಅದು ಇರಲೇಬೇಕು. ಆದರೆ ಕಾಗದ ಹೊರಡುವುದೇ ಅಪರೂಪ. ಬಿಹಾರದ ನಕಲಿ ಫಾರ್ಮಸಿಸ್ಟ್‌ಗಳ ಕೇಸಿನಲ್ಲಿ 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಇದನ್ನು ತಡೆಯುವುದು ರಾಜ್ಯ ಸರ್ಕಾರ ಮತ್ತು ಕೌನ್ಸಿಲ್ ಇಬ್ಬರ ಹೊಣೆ ಎಂದು ಹೇಳಿತು. ಕೋರ್ಟು ನೆನಪಿಸಬೇಕಾಯಿತು ನೋಡಿ.

ಇಷ್ಟೆಲ್ಲ ಆದ ಮೇಲೆ ಹುಡುಗಿ ಮೆಲ್ಲಗೆ ಇನ್ನೊಂದು ವಿಷಯ ಬಿಟ್ಟಳು. ಸರ್ಟಿಫಿಕೇಟಿನ ಫೋಟೋವನ್ನು ಆಗಲೇ ವಾಟ್ಸಾಪ್‌ನಲ್ಲಿ ಕಳಿಸಿಯಾಗಿದೆ! ಆ ಅಂಗಡಿಯಲ್ಲಿ ಕೆಲಸಕ್ಕೆ ತಾನು ಒಪ್ಪಿಲ್ಲ ಎಂದು ಔಷಧ ನಿಯಂತ್ರಣ ಇಲಾಖೆಗೂ ಕೌನ್ಸಿಲ್‌ಗೂ ಇವತ್ತೇ ಪತ್ರ ಬರೆಸಿದೆ. ಸ್ಪೀಡ್ ಪೋಸ್ಟಿನಲ್ಲಿ ಹಾಕಿ ರಸೀದಿ ಜೋಪಾನ ಮಾಡು ಅಂದೆ. ಟೀಚರಮ್ಮನಿಗೆ ನನ್ನ ಮೇಲೆ ಸಿಟ್ಟು ಬಂದಿದೆ, ಮಾತಾಡದೆ ಹೋದರು. ಹುಡುಗಿ ಪೋಸ್ಟಾಫೀಸು ಎಷ್ಟು ಗಂಟೆಯವರೆಗೆ ಇರುತ್ತೆ ಎಂದು ಕೇಳಿಕೊಂಡು ಹೋದಳು.