"ಅಣ್ಣಾ, ಫಿಶಿಂಗ್ ಗೈಡ್ ಹೆಂಗ ಆದ್ರಿ?" ಅಂತ ಕೇಳೋರಿಗೆಲ್ಲ

ಬಾಗಲಕೋಟಿ ಕಡೆ ಆಲಮಟ್ಟಿ ಡ್ಯಾಮಿನ ಹಿನ್ನೀರಿಗೆ ಗಾಳ ಹಾಕಾಕ ಬರೋರು ಬೋಟ್ ಹತ್ತಿ ಅರ್ಧ ತಾಸು ಆಗೂದ್ರಾಗ ಇದನ್ನ ಕೇಳೇ ಕೇಳತಾರ, ಕೋರ್ಸ್ ಏನರ ಮಾಡೀರೇನು ಅಂತ. ಕೋರ್ಸ್ ಏನೂ ಇಲ್ರಿ. ಬ್ಯಾಸಿಗ್ಯಾಗ ನೀರು ಇಳಿದ ಮ್ಯಾಲ ಒಣಾ ನೆಲದಾಗ ನಡದು ನಡದು ಗೈಡ್ ಆದೆ.

ಗಾಳ ಹಿಡಿದಿದ್ದು ಏಳೆಂಟು ವರ್ಷದವ ಇದ್ದಾಗ, ಘಟಪ್ರಭಾ ಹೊಳಿ ದಂಡಿಗೆ ಅಜ್ಜನ ಜೋಡಿ. ಬಿದರಿನ ಕೋಲು, ತಂಗೂಸ, ಎರೆಹುಳ, ಜೋಳದ ದಂಟು ಸುಲಿದು ಒಳಗಿಂದ ತಗದ ಬೆಂಡು, ಇಷ್ಟ ಸಾಮಾನು. "ಬೆಂಡು ಕುಣಿದ್ರ ಸಣ್ಣ ಮೀನು, ಎಳೀಬ್ಯಾಡ. ಮೆಲ್ಲಕ ಸರದ್ರ ಎಳಿ" ಅಂತಿದ್ದ ಅಜ್ಜ. ಇವತ್ತಿಗೂ ಬೋಟ್‌ನ್ಯಾಗ ಎಲ್ಲರಿಗೂ ಮೊದಲು ಹೇಳೂದು ಅದನ್ನ.

ಆಮ್ಯಾಲ ಆಲಮಟ್ಟಿ ನೀರು ನಿಂತು ಆ ದಂಡಿ, ನಮ್ಮ ಹೊಲ, ಅಜ್ಜನ ಬಾವಿ, ಬಂಡಿ ದಾರಿ ಎಲ್ಲಾ ಮುಳುಗಿದ್ವು, ನಾವು ಪುನರ್ವಸತಿ ಕೇಂದ್ರಕ್ಕ ಬಂದ್ವಿ. ಡ್ಯಾಮ್ ಪೂರಾ, ಅಂದ್ರ ಸಮುದ್ರ ಮಟ್ಟದಿಂದ 519.60 ಮೀಟರ್ ಎತ್ತರದ ತನಕ ತುಂಬಿದಾಗ ಕಣ್ಣು ಹಾಯಿಸಿದಷ್ಟೂ ನೀರ, ಹೊಸಬರಿಗೆ ಗಾಳ ಎಲ್ಲಿ ಒಗೀಬೇಕು ಅನ್ನೂದ ತಿಳಿಯಂಗಿಲ್ಲ. ಆದ್ರ ಏಪ್ರಿಲ್, ಮೇದಾಗ ನೀರು ಹಿಂದ ಸರದು ಹಳೆ ನೆಲ ಬಯಲಾಗತೈತಿ ನೋಡ್ರಿ, ಆವಾಗ ನಾನು ಮುಂಜಾನೆ ಹೊಂಟು ಬಾವಿ ಕಲ್ಲು ಎಲ್ಲಿ, ಜಾಲಿ ಬೊಡ್ಡಿ ಎಲ್ಲಿ, ಹಳ್ಳ ಎಲ್ಲಿ ಹೊಳ್ಳತೈತಿ ಎಲ್ಲಾ ನೋಡಕೋತ ಹೋಗತೇನಿ, ದಂಡಿ ಮ್ಯಾಲಿನ ಗುಡಿ ಮತ್ತ ನೀರಿನ ಟ್ಯಾಂಕ್ ಎರಡರ ನೇರ ಹಿಡಿದು ವಹಿಯಾಗ ಬರಕೊಳ್ಳತೇನಿ, ಈಗ ಫೋನ್‌ನ್ಯಾಗೂ ಗುರ್ತು ಹಾಕತೇನಿ. ಸೆಪ್ಟೆಂಬರಾಗ ಬೋಟ್ ಅದರ ಮ್ಯಾಲ ಬಂದಾಗ ತಳದಾಗ ಏನೈತಿ ಅಂತ ನನಗ ಗೊತ್ತಿರತೈತಿ. ಮೀನಿಗೆ ಬಟಾ ಬಯಲು ಸೇರಂಗಿಲ್ರಿ, ಆಸರ ಬೇಕು.

ಮೊದಲ ಗಿರಾಕಿ ಹುಬ್ಬಳ್ಳಿ ಕಡಿಂದ ಬಂದಿದ್ದ ಇಬ್ಬರು ಹುಡುಗರು. ಚಲೋ ರಾಡ್, ಚಲೋ ರೀಲ್, ಮೂರು ತಾಸು ಕುಂತ್ರೂ ಒಂದ ಮೀನು ಕಚ್ಚಿರಲಿಲ್ಲ. ಕಟ್ಲಾ ಮ್ಯಾಲಿನ ನೀರಾಗ ಮೇಯತೈತಿ, ರೋಹು ನಡುವ, ಮೃಗಾಲ್ ತಳದಾಗ, ಇವರು ಎಲ್ಲಾಕ್ಕೂ ಒಂದ ಆಳ ಇಟ್ಟಿದ್ರು. ಅಜ್ಜನ ಬಾವಿ ಇದ್ದ ಜಾಗಕ್ಕ ಕರಕೊಂಡು ಹೋಗಿ ಶೇಂಗಾ ಹಿಂಡಿಗೆ ಜೋಳದ ಹಿಟ್ಟು ಕಲಿಸಿ ಉಂಡಿ ಕಟ್ಟಿ ಕೊಟ್ಟೆ. ಬೆಂಡು ಸರೀತು. ಆ ಹುಡುಗನ ಕೈ ಗಡಗಡ ನಡಗತಿತ್ತು, ರೋಹು ದಂಡಿಗೆ ಬಂದಾಗ ಅವನಕಿಂತ ಜೋರ ನಾನ ಚೀರಿದೆ. ಇಡೀ ದಿನ ನನ್ನ ಗಾಳ ನೀರಿಗೆ ಬಿಟ್ಟೇ ಇಲ್ಲ ಅನ್ನೂದು ಮನಿಗೆ ಬಂದು ಊಟಕ್ಕ ಕುಂತಾಗ ನೆನಪಾತು.

ಇನ್ನೊಂದು ಮಾತು. ಮಳಿಗಾಲ ಕಳಿಯೂ ಹೊತ್ತಿಗೆ ದಂಡಿ ಹುಲ್ಲಿನ ಹತ್ರ ನೀರಿನ ಮ್ಯಾಲ ಕೆಂಪಗ ಮುಷ್ಟಿಯಷ್ಟು ಗುಂಪು ಗುಳುಗುಳು ಅಂತಿರತೈತಿ, ಅವು ಮುರ್ರೆಲ್ ಅನ್ನೂ ಮೀನಿನ ಮರಿ, ಕೆಳಗ ತಂದಿ ತಾಯಿ ಕಾವಲು ಇರತಾವು. ಅಲ್ಲಿ ಏನ ಒಗದ್ರೂ ಮರಿ ಉಳಿಸಾಕ ಹಾರಿ ಕಚ್ಚತಾವು. ಹಂಗ ಹಿಡಿಯೂದಕ್ಕ ನಾನು ಒಪ್ಪಂಗಿಲ್ಲ, ದೊಡ್ಡ ಮೀನು ಹೋದ್ರ ಆ ಮರಿ ಎಲ್ಲಾ ಬ್ಯಾರೆ ಮೀನಿನ ಪಾಲು. ಒಬ್ಬರು ಸಿಟ್ಟಿಗೆದ್ದು ರೊಕ್ಕ ಕೊಡದ ಹೋದ್ರು, ಹೋಗಲಿ. ಮೀನು ತತ್ತಿ ಇಡೂ ಜೂನ್, ಜುಲೈದಾಗಂತೂ ಯಾರನ್ನೂ ಕರಕೊಂಡು ಹೋಗಂಗಿಲ್ಲ.

ಮೀನುಗಾರಿಕೆ ಇಲಾಖೆ ಪರವಾನಗಿ, ಗುತ್ತಿಗಿ ಹಿಡಿದೋರ ಒಪ್ಪಿಗಿ, ಲೈಫ್ ಜಾಕೆಟ್ ಇವು ಬೇಕ ಬೇಕು. ಕೃಷ್ಣಾದಾಗ ಮೊಸಳಿ ಅದಾವು, ಬೋಟಿನಿಂದ ಕಾಲು ಇಳಿಬಿಡಬ್ಯಾಡ್ರಿ.

ನಿಮಗೂ ಗೈಡ್ ಆಗೂ ಆಸೆ ಇದ್ರ ಮೇ ತಿಂಗಳದಾಗ ಬರ್ರಿ. ರಾಡ್ ತರಬ್ಯಾಡ್ರಿ, ಗಟ್ಟಿ ಬೂಟು ಹಾಕೊಂಡು ಬರ್ರಿ, ಮ್ಯಾಲ ಬಿರಿದು ಒಣಗಿದಂಗ ಕಂಡ್ರೂ ಒಳಗ ಮೊಣಕಾಲ ತನಕ ಕೆಸರು ಇರತೈತಿ. ಮುಂಜಾನೆ ಆರಕ್ಕ ಹೊಂಟ್ರ ಬಿಸಲು ಏರೂದ್ರೊಳಗ ಅಜ್ಜನ ಬಾವಿ ತನಕ ಹೋಗಿ ಬರಬಹುದು.