ನಿಧನ ಸುದ್ದಿಯ ಡೆಸ್ಕ್‌ನಲ್ಲಿ ನಾನು ಕಲಿತದ್ದು

ಪತ್ರಿಕೆಯೊಂದರ ಡೆಸ್ಕ್‌ನಲ್ಲಿ ಕೆಲಸ ಮಾಡುತ್ತೇನೆ. ಹದಿನಾಲ್ಕು ವರ್ಷ ಆಯಿತು. ಹೆಸರು ಮಾಡಿದವರು ಯಾರಾದರೂ ತೀರಿಕೊಂಡರೆ ಆ ಕಾಪಿ, ಅಂದರೆ ಸುದ್ದಿಯ ಬರಹ, ಹೆಚ್ಚಾಗಿ ನನ್ನ ಹತ್ತಿರವೇ ಬರುತ್ತದೆ. ಯಾರೂ ಕೇಳಿ ಪಡೆಯುವ ಕೆಲಸವಲ್ಲ ಇದು. ಆದರೆ ಈಗ ಬೇರೆಯವರಿಗೆ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಶುರುವಿನಲ್ಲಿ ಒಂದು ದೊಡ್ಡ ತಪ್ಪು ಮಾಡಿದ್ದೆ. ಹಿರಿಯ ಕಲಾವಿದರೊಬ್ಬರು ಆಸ್ಪತ್ರೆಯಲ್ಲಿದ್ದರು. ರಾತ್ರಿ ಒಂಬತ್ತೂವರೆಗೆ ‘ಹೋಗಿಬಿಟ್ರಂತೆ’ ಅಂತ ಫೋನ್ ಬಂತು. ಐದು ನಿಮಿಷಕ್ಕೆ ಇನ್ನೊಬ್ಬರಿಂದಲೂ ಬಂತು. ಇಬ್ಬರು ಹೇಳಿದರಲ್ಲ, ಇನ್ನೇನು ಅಂತ ವೆಬ್‌ಸೈಟ್‌ಗೆ ಹಾಕಿಬಿಟ್ಟೆ. ಇಬ್ಬರಿಗೂ ಸುದ್ದಿ ಕೊಟ್ಟವನು ಒಬ್ಬನೇ ಅಂತ ಆಮೇಲೆ ಗೊತ್ತಾಯಿತು. ಇಪ್ಪತ್ತು ನಿಮಿಷ ಕಳೆದಿರಲಿಲ್ಲ, ಆಫೀಸಿನ ಲ್ಯಾಂಡ್‌ಲೈನ್ ಹೊಡೆದುಕೊಂಡಿತು. ಕಲಾವಿದರ ಮಗಳು. ಬೈಯಲಿಲ್ಲ. ‘ಅಪ್ಪ ಈಗ ತಾನೇ ಎರಡು ಚಮಚ ಗಂಜಿ ಕುಡಿದ್ರು ಸರ್. ಊರಿಂದ ಚಿಕ್ಕಪ್ಪ ಅಳ್ತಾ ಫೋನ್ ಮಾಡ್ತಿದ್ದಾರೆ. ನಾನು ಏನು ಹೇಳ್ಲಿ?’ ಅಂದರು.

ನನಗೆ ಮಾತೇ ಹೊರಡಲಿಲ್ಲ. ಸುದ್ದಿ ತೆಗೆದೆವು, ಕ್ಷಮೆ ಕೇಳಿದೆವು. ಮರುದಿನ ಬೆಳಗ್ಗೆ ನಾನೇ ಆಸ್ಪತ್ರೆಗೆ ಹೋಗಿ ಆ ಹೆಣ್ಣುಮಗಳ ಎದುರು ನಿಂತು ತಪ್ಪಾಯಿತು ಅಂದೆ. ಅವರ ಅಪ್ಪ ಆಮೇಲೆ ಐದು ವಾರ ಬದುಕಿದ್ದರು.

ಅಂದಿನಿಂದ ಮನೆಯವರೋ ಡಾಕ್ಟರೋ ಬಾಯಿಬಿಟ್ಟು ಹೇಳದೆ ‘ನಿಧನ’ ಅನ್ನುವ ಪದವನ್ನು ನಾನು ಟೈಪ್ ಮಾಡುವುದಿಲ್ಲ. ಟಿವಿಯವರು ಆಗಲೇ ಹಾಕಿದರು, ನಾವು ಹಿಂದೆ ಬಿದ್ದೆವು ಅಂತ ಯಾರು ಎಷ್ಟೇ ಹಾರಾಡಲಿ.

ಎರಡನೆಯ ಪಾಠ ಕಲಿಯಲು ತುಂಬ ವರ್ಷ ಬೇಕಾಯಿತು. 2024ರ ಡಿಸೆಂಬರ್ 16, ಸೋಮವಾರ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯಲ್ಲಿ ತುಳಸಿ ಗೌಡ ತೀರಿಕೊಂಡರು. ಸುದ್ದಿ ಖಚಿತವಾಗಿತ್ತು. ಅರ್ಧ ಗಂಟೆಯಲ್ಲಿ ಕಾಪಿ ಮುಗಿಸಿದೆ. ಪದ್ಮಶ್ರೀ ಪುರಸ್ಕೃತೆ. ತಮ್ಮ ಹಾಲಕ್ಕಿ ಸಮುದಾಯದ ಉಡುಗೆಯಲ್ಲಿ, ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪ್ರಶಸ್ತಿ ಪಡೆದವರು. ವೃಕ್ಷಮಾತೆ. ಗಣ್ಯರ ಸಂತಾಪ. ಕೊನೆಗೆ ‘ನಾಡಿಗೆ ತುಂಬಲಾರದ ನಷ್ಟ’.

ನಮ್ಮ ಸುದ್ದಿ ಸಂಪಾದಕಿ ಮೇಡಂ ಓದಿದರು. ಕೊನೆಯ ಸಾಲನ್ನು ಅಲ್ಲೇ ಹೊಡೆದು ಹಾಕಿದರು. ‘ಇದರಲ್ಲಿ ಅಜ್ಜಿ ಎಲ್ಲಿದ್ದಾರಪ್ಪ? ದಿನಾ ಬೆಳಗ್ಗೆ ಎದ್ದು ಏನು ಮಾಡ್ತಿದ್ರು ಅವರು?’ ಅಂತ ಕೇಳಿದರು. ಗಿಡ ನೆಡ್ತಿದ್ರು ಅಂದೆ. ‘ಗಿಡ ಎಲ್ಲಿಂದ ಬರ್ತಿತ್ತು?’

ನನಗೆ ಗೊತ್ತಿರಲಿಲ್ಲ. ಪುಟ ಮುದ್ರಣಕ್ಕೆ ಹೋಗಲು ಒಂದೂವರೆ ಗಂಟೆ ಇತ್ತು. ನಮ್ಮ ಅಂಕೋಲಾ ವರದಿಗಾರರಿಗೆ ಫೋನ್ ಮಾಡಿದೆ. ಅವರು ಅರಣ್ಯ ಇಲಾಖೆಯ ನಿವೃತ್ತರೊಬ್ಬರ ನಂಬರ್ ಕೊಟ್ಟರು. ಆ ಮನುಷ್ಯ ಪ್ರಶಸ್ತಿಯ ಮಾತೇ ಎತ್ತಲಿಲ್ಲ. ಬೀಜದ ಬಗ್ಗೆಯೇ ಹೇಳುತ್ತಾ ಹೋದರು. ಕಾಡಿನಲ್ಲಿ ಒಂದೊಂದು ಜಾತಿಗೂ ಒಂದು ತಾಯಿಮರ ಇರುತ್ತದೆ. ಒಳ್ಳೆಯ ಬೀಜ ಕೊಡುವ ಮರ ಅದು. ಅದು ಯಾವುದು ಅಂತ ತುಳಸಜ್ಜಿ ನೋಡಿದ ಕೂಡಲೇ ಹೇಳುತ್ತಿದ್ದರು. ಬೀಜ ಯಾವಾಗ ಆಯಬೇಕು, ಹೇಗೆ ಮೊಳಕೆ ಬರಿಸಬೇಕು, ಎಲ್ಲ ಅವರ ಬೆರಳ ತುದಿಯಲ್ಲಿತ್ತು. ತಂದೆ ಸಣ್ಣ ವಯಸ್ಸಿಗೇ ಹೋದ ಮೇಲೆ ತಾಯಿಯ ಜೊತೆ ನರ್ಸರಿಗೆ ಕೂಲಿಗೆ ಬಂದ ಹುಡುಗಿ ಅವರು. ಶಾಲೆ ಕಂಡವರಲ್ಲ. ಎಷ್ಟೋ ವರ್ಷ ದಿನಗೂಲಿಯಲ್ಲೇ ದುಡಿದರು, ಕೆಲಸ ಕಾಯಂ ಆಗಿದ್ದು ತುಂಬ ತಡವಾಗಿ.

ಆ ತಾಯಿಮರದಿಂದಲೇ ಕಾಪಿ ಶುರು ಮಾಡಿದೆ. ಪದ್ಮಶ್ರೀ ಮೂರನೇ ಪ್ಯಾರಾಗೆ ಹೋಯಿತು. ಹುಟ್ಟಿದ ದಿನ ಬರೆದಿಡದ ಕಾಲದವರಲ್ವಾ, ಅವರ ವಯಸ್ಸು ಒಂದೊಂದು ಕಡೆ ಒಂದೊಂದು ಇತ್ತು. ಮನೆಯವರು ಹೇಳಿದ್ದನ್ನೇ ಹಾಕಿದೆವು.

ಕಾಪಿ ಚೆನ್ನಾಗಿ ಬಂತು. ಆದರೆ ಮನೆಗೆ ಹೋಗುವಾಗ ಒಂದು ವಿಷಯ ಕೊರೆಯುತ್ತಿತ್ತು. ಆ ರಾತ್ರಿ ಬೇರೆಯವರಿಂದ ಕೇಳಿದ್ದನ್ನೆಲ್ಲ ಅಜ್ಜಿಯನ್ನೇ ಕೇಳಬಹುದಿತ್ತು. ನರ್ಸರಿಯಲ್ಲಿ ಕೂತು, ಅವರು ಕೈಯಲ್ಲಿ ಬೀಜ ಹಿಡಿದು ತೋರಿಸುವುದನ್ನು ನೋಡಬಹುದಿತ್ತು. ಇಷ್ಟು ವರ್ಷ ಅವರು ಅಲ್ಲೇ ಇದ್ದರು. ಹೋಗದೇ ಇದ್ದವನು ನಾನು.

ಮರುದಿನ ಒಂದು ನೋಟ್‌ಬುಕ್ ತಂದೆ. ನಾಡಿನ ಹಿರಿಯರ ಹೆಸರು ಬರೆಯುತ್ತಾ ಹೋದೆ. ‘ಬದುಕಿರೋರ ಬಗ್ಗೆ ಹಿಂಗೆಲ್ಲ ಬರೆದಿಡೋದು ಅಪಶಕುನ’ ಅಂದರು ಪಕ್ಕದ ಸೀಟಿನವರು. ನನಗೂ ಹಾಗೇ ಅನಿಸಿತ್ತು. ಆದರೆ ಹೋಗಿ ಕೂತು ಮಾತಾಡಿಸಿದ ಮೇಲೆ ಆ ಅಳುಕು ಹೋಯಿತು. ಅವರ ಕೆಲಸದ ಬಗ್ಗೆ ಕೇಳುವವರೇ ಕಡಿಮೆ. ಕೇಳಿದರೆ ಅವರ ಮುಖ ಅರಳುತ್ತದೆ.

ಎರಡು ತಿಂಗಳು ತುಂಬುವ ಮೊದಲೇ, 2025ರ ಫೆಬ್ರುವರಿ 13ರಂದು, ಅದೇ ಅಂಕೋಲಾದ ಬಡಗೇರಿಯ ಜಾನಪದ ಗಾಯಕಿ ಸುಕ್ರಿ ಬೊಮ್ಮಗೌಡ ಹೋದರು. ಅಷ್ಟರೊಳಗೆ ಅವರ ಬಗ್ಗೆ ಒಂದಿಷ್ಟು ಬರೆದಿಟ್ಟುಕೊಂಡಿದ್ದೆ. ಹಾಲಕ್ಕಿ ಹಾಡುಗಳ ಜೊತೆಗೆ, ಊರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ವಿರುದ್ಧ ನಿಂತದ್ದೂ ಕಾಪಿಯಲ್ಲಿ ಮೇಲೇ ಬಂತು.

ಇಲ್ಲಿ ಅಪರ್ಣಾ ಅವರನ್ನೂ ನೆನೆಯಬೇಕು. 2024ರ ಜುಲೈ 11. ‘ನಿರೂಪಕಿ ಅಪರ್ಣಾ ನಿಧನ’ ಅಂತ ಹೆಡ್ಡಿಂಗ್ ಕೊಟ್ಟಿದ್ದೆ. ಪುಟ ಕಟ್ಟುವ ಹುಡುಗ ‘ಯಾರು ಸರ್?’ ಅಂದ. ಮೆಟ್ರೊದಲ್ಲಿ ‘ಮುಂದಿನ ನಿಲ್ದಾಣ’ ಅಂತ ಹೇಳ್ತಾರಲ್ಲ, ಅವರು ಅಂದೆ. ಮೌಸ್ ಮೇಲಿಂದ ಕೈ ತೆಗೆದು ಸುಮ್ನೆ ಕೂತುಬಿಟ್ಟ. ದಿನಾ ಅದೇ ರೈಲಿನಲ್ಲಿ ಬರುವವನು ಅವನು. ಹೆಡ್ಡಿಂಗ್ ಬದಲಾಯಿಸಿದೆವು. ಮರುದಿನ ನಾನು ರೈಲು ಹತ್ತಿದಾಗ ಅದೇ ದನಿ ಎಂದಿನಂತೆ ನಿಲ್ದಾಣದ ಹೆಸರು ಹೇಳುತ್ತಿತ್ತು. ಇಳಿಯುವವರೆಗೂ ತಲೆ ಎತ್ತಲಾಗಲಿಲ್ಲ.

ನೋಟ್‌ಬುಕ್ಕಿನಲ್ಲಿ ಸಾಲುಮರದ ತಿಮ್ಮಕ್ಕ ಅವರಿಗೆ ಆರು ಪುಟ ಇತ್ತು. ಕಳೆದ ಬೇಸಿಗೆಯಲ್ಲಿ ಮಾಗಡಿ ತಾಲ್ಲೂಕಿನ ಹುಲಿಕಲ್‌ಗೆ ಹೋಗಿ, ಕುದೂರಿನ ಕಡೆ ಆ ರಸ್ತೆಯಲ್ಲಿ ನಡೆದಿದ್ದೆ. ಸುಮಾರು 4 ಕಿ.ಮೀ. 385 ಆಲದ ಮರ ಅಂತ ನೂರು ಸಲ ಟೈಪ್ ಮಾಡಿದ್ದೇನೆ. ನಡೆದಾಗಲೇ ಅದು ಎಷ್ಟು ದೂರ ಅಂತ ಗೊತ್ತಾಗಿದ್ದು. ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ ಮೊದಲ ವರ್ಷ ನೆಟ್ಟಿದ್ದು ಹತ್ತೇ ಗಿಡ. ಮರು ವರ್ಷ ಹದಿನೈದು, ಆಮೇಲೆ ಇಪ್ಪತ್ತು. ದನ ಮೇಯದಂತೆ ಸುತ್ತ ಮುಳ್ಳಿನ ಬೇಲಿ ಕಟ್ಟಿದರು. ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದರು. ಕೂಲಿ ಮಾಡಿ ಬದುಕುವ ಇಬ್ಬರು, ಕೂಲಿಯ ಜೊತೆಗೆ ಮಾಡಿದ ಕೆಲಸ ಇದು. ಖಾಲಿ ಕೈಯಲ್ಲಿ ಅರ್ಧ ದಾರಿ ನಡೆಯುವಷ್ಟರಲ್ಲೇ ನನಗೆ ಕಾಲು ಸೋತಿತ್ತು. ಒಂದು ಮರದ ಬುಡದಲ್ಲಿ ಕೂತೆ. ಅದರ ನೆರಳು ರಸ್ತೆಯ ಆ ಬದಿಯವರೆಗೂ ಹಬ್ಬಿತ್ತು.

2025ರ ನವೆಂಬರ್ 14ರಂದು ಬೆಂಗಳೂರಿನಲ್ಲಿ ತಿಮ್ಮಕ್ಕ ಕಣ್ಣು ಮುಚ್ಚಿದರು. 114 ವರ್ಷ. ಅಂದು ಕಾಪಿಗೆ ಒದ್ದಾಡಲಿಲ್ಲ. ಮುಳ್ಳಿನ ಬೇಲಿ, ನೀರಿನ ಬಿಂದಿಗೆ, ಹತ್ತು ಗಿಡ, ಅಲ್ಲಿಂದಲೇ ಬರೆದೆ. 2019ರಲ್ಲಿ ಪದ್ಮಶ್ರೀ ಕೊಡುವಾಗ ರಾಷ್ಟ್ರಪತಿಗಳ ತಲೆ ಮುಟ್ಟಿ ಹರಸಿದ ಫೋಟೊ ಎಲ್ಲರ ಬಳಿಯೂ ಇತ್ತು. ನಾವು ಆ ರಸ್ತೆಯ ಫೋಟೊ ಹಾಕಿದೆವು. ಮೇಡಂ ಏನೂ ತಿದ್ದಲಿಲ್ಲ.

ನೋಟ್‌ಬುಕ್ಕಿನಲ್ಲಿ ಈಗ ಇನ್ನೂ ಇಪ್ಪತ್ತೊಂದು ಹೆಸರಿವೆ. ಮೊನ್ನೆ ಶಿರಸಿ ಕಡೆಯ ಹಿರಿಯರೊಬ್ಬರಿಗೆ ಫೋನ್ ಮಾಡಿ, ನಿಮ್ಮ ಕೆಲಸ ನೋಡಲು ಬರಲಾ ಅಂತ ಕೇಳಿದೆ. ‘ಅಡಕೆ ಕೊಯ್ಲು ನಡೀತಾ ಇದೆ, ಮುಗಿದ ಮೇಲೆ ಬನ್ನಿ. ಬರೋದಾದ್ರೆ ಎರಡು ದಿನ ಉಳಿಯೋ ಹಾಗೆ ಬನ್ನಿ’ ಅಂದರು. ರಜೆ ಹಾಕಿದ್ದೇನೆ.